ಬಿಟ್ಟ ಜ್ವರ ಮತ್ತೆ ಬಂದಾಗ

ಹದಿನಾಲ್ಕು ದಿನ ಟೈಫಾಯ್ಡ್ ಮಾತ್ರೆ ನುಂಗಿದ್ದೆ. ಒಂದು ಹೊತ್ತೂ ತಪ್ಪಿಸಿರಲಿಲ್ಲ. ಜ್ವರ ಬಿಟ್ಟು ಎರಡು ವಾರವಾಗಿತ್ತು, ನಾಲಿಗೆಗೆ ರುಚಿಯೂ ಮರಳಿತ್ತು. ಧಾರವಾಡದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಅವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಬೆನ್ನಲ್ಲಿ ಸಣ್ಣಗೆ ಚಳಿ ಎದ್ದಿತು. ಸಂಜೆಗೆ 102 ಡಿಗ್ರಿ.

"ಪಥ್ಯ ಮುರಿದಿರಬೇಕು" ಅಂದರು ಅತ್ತೆ. ಅರ್ಧ ಮಿರ್ಚಿ ಭಜಿ ತಿಂದದ್ದು ನೆನಪಾಗಿ ನಾನೂ ತಲೆ ತಗ್ಗಿಸಿದೆ.

ರಕ್ತದಲ್ಲಿನ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿ ಬರಲು ಮೂರು ದಿನ ಬೇಕಾಯಿತು. ಡಾಕ್ಟರಿಗೆ ಭಜಿ ಕಥೆ ಹೇಳಿದರೆ ನಕ್ಕುಬಿಟ್ಟರು. ಸಿಕ್ಕಿದ್ದು ಅದೇ ಟೈಫಾಯ್ಡ್ ಕ್ರಿಮಿ, ಸಾಲ್ಮೊನೆಲ್ಲಾ ಟೈಫಿ. ವಿಚಿತ್ರವೆಂದರೆ, ಮೊದಲು ಕೊಟ್ಟ ಮಾತ್ರೆಗೆ ಅದು ಈಗಲೂ ಸಾಯುತ್ತದೆ ಅಂತ ವರದಿ ಹೇಳುತ್ತಿತ್ತು. ಹಾಗಿದ್ರೆ ಆಗ ಯಾಕೆ ಸಾಯಲಿಲ್ಲ?

ಅದು ಅಡಗಿ ಕೂರುವ ಜಾಗವೇ ಹಾಗಂತೆ. ಕ್ರಿಮಿಯನ್ನು ನುಂಗಿ ಕೊಲ್ಲಬೇಕಾದ ಬಿಳಿ ರಕ್ತಕಣದ ಒಳಗೇ ಇದು ಒಂದು ಚೀಲ ಕಟ್ಟಿಕೊಂಡು ಕೂರುತ್ತದೆ. ಗುಲ್ಮ, ಯಕೃತ್ತು, ಮೂಳೆಯ ಮಜ್ಜೆ, ಎಲ್ಲಾ ಕಡೆ. ಅವುಗಳಲ್ಲಿ ಕೆಲವು ಬೆಳೆಯುವುದನ್ನೇ ನಿಲ್ಲಿಸಿ ಸುಮ್ನೆ ಮಲಗುತ್ತವೆ. ಆಂಟಿಬಯಾಟಿಕ್ ಜಾಸ್ತಿ ಕೊಲ್ಲುವುದು ಬೆಳೆಯುತ್ತಿರುವವನ್ನು. ಮಲಗಿದ್ದು ಉಳಿಯುತ್ತದೆ, ಔಷಧ ನಿಂತ ಮೇಲೆ ಏಳುತ್ತದೆ. ಜೋಸೆಫ್ ಬಿಗ್ಗರ್ ಎಂಬ ವಿಜ್ಞಾನಿ 1944ರಲ್ಲೇ ಪೆನಿಸಿಲಿನ್‌ಗೆ ಸಾಯದೆ ಉಳಿದ ಇಂಥ ಬ್ಯಾಕ್ಟೀರಿಯಾಗಳಿಗೆ 'ಪರ್ಸಿಸ್ಟರ್', ಅಂದರೆ ಪಟ್ಟು ಬಿಡದೆ ಉಳಿಯುವವು, ಅಂತ ಹೆಸರಿಟ್ಟಿದ್ದರು. ನನಗೆ ನೆನಪಾದದ್ದು ಅಪ್ಪನ ಹೊಲದ ಕರಿಕೆ. ಮೇಲೆ ಎಷ್ಟೇ ಕಿತ್ತರೂ ಬೇರು ಕೆಳಗೇ ಇರುತ್ತಿತ್ತು.

ಟೈಫಾಯ್ಡ್ ಆದ 100 ಜನರಲ್ಲಿ 5ರಿಂದ 10 ಜನಕ್ಕೆ ಹೀಗೆ ಮರುಕಳಿಸುತ್ತದಂತೆ. ಭಜಿ ಮೇಲಿನ ಆರೋಪ ಬಿದ್ದುಹೋಯಿತು. ಹಗುರ ಅನ್ನಿಸಿತು, ನಿಜ.

ಅಷ್ಟರಲ್ಲಿ ಡಾಕ್ಟರ್ ಕೇಳಿದರು, "ನಿಮ್ಮದು ಖಾನಾವಳಿ ಅಲ್ವಾ? ಪಿತ್ತಕೋಶದಲ್ಲಿ ಕಲ್ಲು ಇದೆಯಾ?"

ಕೆಲವರ ಪಿತ್ತಕೋಶದಲ್ಲಿ ಇದು ವರ್ಷಗಟ್ಟಲೆ ಉಳಿಯುತ್ತದೆ. ಕಲ್ಲಿದ್ದರೆ ಅದರ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತದೆ, ಔಷಧ ಅಲ್ಲಿ ಸರಿಯಾಗಿ ನಾಟುವುದಿಲ್ಲ. ಜ್ವರವಿಲ್ಲ, ಸುಸ್ತಿಲ್ಲ, ಮಲದಲ್ಲಿ ಮಾತ್ರ ಕ್ರಿಮಿ ಹೋಗುತ್ತಲೇ ಇರುತ್ತದೆ. ನ್ಯೂಯಾರ್ಕಿನ ಅಡುಗೆಯವಳು ಮೇರಿ ಮ್ಯಾಲನ್ ಹಾಗಿದ್ದವಳು. ಅವಳನ್ನು 1907ರಲ್ಲಿ ಹಿಡಿದು ದ್ವೀಪದಲ್ಲಿಟ್ಟರು, 1910ರಲ್ಲಿ ಬಿಟ್ಟರು. ಮತ್ತೆ ಅಡುಗೆಗೆ ಹೋಗಿ 1915ರಲ್ಲಿ ಸಿಕ್ಕಿಬಿದ್ದಳು. 1938ರಲ್ಲಿ ಸಾಯುವ ತನಕ ಬಿಡಲಿಲ್ಲ. 'ಟೈಫಾಯ್ಡ್ ಮೇರಿ' ಅಂತ ಕೇಳಿ ಹಿಂದೊಮ್ಮೆ ನಕ್ಕಿದ್ದೆ. ಆರೋಗ್ಯವಾಗಿದ್ದೇನೆ ಅಂತಲೇ ಅವಳು ಕೊನೆವರೆಗೂ ನಂಬಿದ್ದಳು. ಪಾಪ, ನಂಬದೆ ಏನು ಮಾಡ್ತಾಳೆ?

ಹತ್ತು ದಿನ ಇಂಜೆಕ್ಷನ್ ಆಯಿತು. ಸ್ಕ್ಯಾನ್‌ನಲ್ಲಿ ಕಲ್ಲಿರಲಿಲ್ಲ. ಆಮೇಲೆ ಮೂರು ಸಲ ಮಲಪರೀಕ್ಷೆ. ಅಲ್ಲಿಯತನಕ ನಾನು ಗಲ್ಲಾದ ಮೇಲೆ ಕೂತೆ, ಹಿಟ್ಟು ಮುಟ್ಟಲಿಲ್ಲ.

ಮೂರನೆಯ ವರದಿಯೂ ಚೆನ್ನಾಗಿ ಬಂದ ಸಂಜೆ ಅತ್ತೆ ಮಿರ್ಚಿ ಭಜಿ ಕರಿದರು. ಎಲ್ಲರಿಗೂ ಬಡಿಸಿದರು. ನನ್ನ ತಟ್ಟೆಗೆ ಮಾತ್ರ ಮೊಸರನ್ನ ಬಂತು.