ಬಾಂಬೆಯಲ್ಲಿ ಹುಟ್ಟಿದ ಕೋಚು, ಮೈಸೂರಿನ ಮೇಡಂ

ಡಿಸೆಂಬರ್ 10, 2024, ಮಂಗಳವಾರ
ಕ್ಯಾರಿ, ನಾರ್ತ್ ಕೆರೊಲಿನಾ

ನಿನ್ನೆ ಕೂಗಿ ಕೂಗಿ ಕಟ್ಟಿದ ಗಂಟಲು ಇವತ್ತು ಸಂಜೆಯಾದರೂ ಬಿಟ್ಟಿಲ್ಲ. ನಮ್ಮೂರಿನ ವೇಕ್‌ಮೆಡ್ ಸಾಕರ್ ಪಾರ್ಕಿನಲ್ಲಿ ಕಾಲೇಜು ಹೆಣ್ಣುಮಕ್ಕಳ ಫುಟ್‌ಬಾಲ್ (ಇಲ್ಲಿಯವರ ಬಾಯಲ್ಲಿ ಸಾಕರ್) ರಾಷ್ಟ್ರೀಯ ಫೈನಲ್ ಇತ್ತು. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ ವೇಕ್ ಫಾರೆಸ್ಟ್ ತಂಡವನ್ನು 1-0ರಿಂದ ಸೋಲಿಸಿತು. 2012ರ ಮೇಲೆ ಇದೇ ಮೊದಲ ಕಪ್. ಮಗಳು ತಿಳಿನೀಲಿ ಸ್ಕಾರ್ಫ್ ಕಟ್ಟಿಕೊಂಡೇ ಮಲಗಿಬಿಟ್ಟಳು.

ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಬೆಂಚಿನ ಕಡೆಗೇ ಹೋಗುತ್ತಿತ್ತು. ಚಾಪೆಲ್ ಹಿಲ್ ಕೋಚಾಗಿ ಅಲ್ಲಿ 45 ವರ್ಷ ನಿಂತ ಆನ್ಸನ್ ಡೊರಾನ್ಸ್ ಈ ಸಲ ಇರಲಿಲ್ಲ. ಆಗಸ್ಟಿನಲ್ಲಿ, ಸೀಸನ್ ಶುರುವಾಗಲು ಕೆಲವೇ ದಿನಗಳಿರುವಾಗ, ಅವರು ನಿವೃತ್ತರಾದರು. ಅವರ ಸಹಾಯಕರಾಗಿದ್ದ ಡೇಮನ್ ನಹಾಸ್ ಹಂಗಾಮಿ ಕೋಚಾಗಿ ತಂಡವನ್ನು ಫೈನಲ್ಲಿನವರೆಗೂ ತಂದು ಗೆಲ್ಲಿಸಿದರು. ಕಟ್ಟಿದವರು ಎದ್ದು ಹೋದ ನಾಲ್ಕು ತಿಂಗಳಿಗೇ ಮನೆ ಹೀಗೆ ಗಟ್ಟಿಯಾಗಿ ನಿಂತಿದೆ ಎಂದರೆ ಕಟ್ಟಿದ ಕೈ ಎಂಥದಿರಬೇಕು ಎಂದು ರಾತ್ರಿಯೆಲ್ಲ ಅದೇ ಯೋಚನೆ.

ಡೊರಾನ್ಸ್ ಹುಟ್ಟಿದ್ದು ಬಾಂಬೆಯಲ್ಲಿ, 1951ರಲ್ಲಿ. ಇದು ಗೊತ್ತಾದ ದಿನ ನನಗಾದ ಖುಷಿಗೆ ಅರ್ಥವಿಲ್ಲ ಎಂದು ನಮ್ಮ ಮನೆಯವರು ಹೇಳಿದರು. ಇರಲಿ, ಖುಷಿ ಖುಷಿಯೇ. ತಂದೆ ತೈಲ ಕಂಪನಿಯ ನೌಕರಿಯಲ್ಲಿದ್ದುದರಿಂದ ದೇಶ ದೇಶ ತಿರುಗಿ ಬೆಳೆದ ಹುಡುಗ. ಫುಟ್‌ಬಾಲ್ ಅಲ್ಲೆಲ್ಲ ಬೀದಿಯ ಆಟ. ಅಮೆರಿಕಕ್ಕೆ ಬಂದಾಗ ಇಲ್ಲಿ ಅದನ್ನು ಕೇಳುವವರೇ ಕಡಿಮೆ. ಚಾಪೆಲ್ ಹಿಲ್ ತಂಡದಲ್ಲಿ ಆಡಿ, 1974ರಲ್ಲಿ ಪದವಿ ಮುಗಿಸಿ, ಲಾ ಓದಲು ಸೇರಿಕೊಂಡರು. ಕಾಲೇಜಿನಲ್ಲಿ ಅವರಿಗೆ ಕೋಚಾಗಿದ್ದ ಮಾರ್ವಿನ್ ಆಲನ್ ನಿವೃತ್ತರಾಗುವಾಗ, ನನ್ನ ಜಾಗಕ್ಕೆ ಈ ಹುಡುಗನೇ ಸರಿ ಎಂದರಂತೆ. ಹೀಗೆ 1977ರಲ್ಲಿ ಗಂಡುಮಕ್ಕಳ ತಂಡ ಅವರ ಕೈಗೆ ಬಂತು. ಲಾ ಓದು ಅರ್ಧಕ್ಕೇ ನಿಂತಿತು. ವಕೀಲಿಕೆ ಬಿಟ್ಟು ಚೆಂಡಿನ ಹಿಂದೆ ಹೋದ ಮಗನ ಬಗ್ಗೆ ನಮ್ಮ ಕಡೆಯ ಮನೆಗಳಲ್ಲಾದರೆ ಎಷ್ಟು ರಾತ್ರಿ ಪಂಚಾಯಿತಿ ನಡೆಯುತ್ತಿತ್ತೋ.

ಮುಂದಿನದು ನನಗೆ ತುಂಬ ಹತ್ತಿರದ ಸಂಗತಿ. ಓದಿನ ಸಂಸ್ಥೆಗಳಲ್ಲಿ ಗಂಡು ಹೆಣ್ಣೆಂದು ಭೇದ ಮಾಡಬಾರದು ಎನ್ನುವ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲಿ. ಕ್ಲಬ್ ಕಟ್ಟಿಕೊಂಡು ತಮ್ಮ ಪಾಡಿಗೆ ಆಡುತ್ತಿದ್ದ ಚಾಪೆಲ್ ಹಿಲ್ ಹುಡುಗಿಯರು, ನಮ್ಮದನ್ನೂ ವಿಶ್ವವಿದ್ಯಾಲಯದ ತಂಡ ಮಾಡಿ ಎಂದು ಕೇಳಿದರು. 1979ರಲ್ಲಿ ಅದು ಆಯಿತು, ಆ ತಂಡವನ್ನೂ ಡೊರಾನ್ಸರಿಗೇ ವಹಿಸಿದರು. ಹತ್ತು ವರ್ಷದ ತನಕ ಎರಡೂ ತಂಡಗಳನ್ನು ನಡೆಸಿ, ಕೊನೆಗೆ ಹುಡುಗಿಯರನ್ನೇ ಆರಿಸಿಕೊಂಡರು. 1981ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ. 1986ರಿಂದ 1994ರವರೆಗೆ ಬಿಡದೆ ಒಂಬತ್ತು ವರ್ಷವೂ ಅವರದೇ. ಒಟ್ಟು 22.

ಆ ಸಂಖ್ಯೆಗಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಕಾಲೇಜು ಕೋಚಿಗೆ ಆಟಗಾರ್ತಿಯರು ಸಿಗುವುದು ನಾಲ್ಕೇ ಸೀಸನ್. ಹದಿನೆಂಟರ ಹುಡುಗಿ ಹೆದರುತ್ತ ಬರುತ್ತಾಳೆ, ಕೈಗೆ ಬಂದಳು ಅನ್ನುವಷ್ಟರಲ್ಲಿ ಪದವಿ ಹಿಡಿದು ಹೊರಡುತ್ತಾಳೆ. ಪ್ರತಿ ವರ್ಷ ಬುತ್ತಿ ಕಟ್ಟಿ ಕಳಿಸುವ ಕೆಲಸ ಅದು. ಹೆಸರಾಂತ ಆಟಗಾರ್ತಿಯರಾದ ಮಿಯಾ ಹ್ಯಾಮ್ ಹೋದರು, ಕ್ರಿಸ್ಟೀನ್ ಲಿಲ್ಲಿ ಹೋದರು, ತಂಡ ನಿಲ್ಲಲಿಲ್ಲ. ಇದಕ್ಕೆ ಅವರು ಕಂಡುಕೊಂಡ ದಾರಿ ಪ್ರಾಕ್ಟೀಸಿನಲ್ಲಿತ್ತು. ಅದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅಭ್ಯಾಸದ ಪ್ರತಿಯೊಂದು ಆಟಕ್ಕೂ ಅಂಕ ಬರೆಸುವುದನ್ನು ನೋಡಿ, ಅದನ್ನು ತಮ್ಮ ಮೈದಾನಕ್ಕೂ ತಂದರು. ಯಾರು ಯಾರನ್ನು ದಾಟಿದರು, ಯಾರ ಓಟ ಎಷ್ಟು, ಯಾರ ಗುರಿ ಹೇಗೆ, ಎಲ್ಲವೂ ಲೆಕ್ಕಕ್ಕೆ. ಎಲ್ಲರ ಹೆಸರೂ ಕ್ರಮಾಂಕದ ಪ್ರಕಾರ ಎಲ್ಲರಿಗೂ ಕಾಣುವಂತೆ ಬೋರ್ಡಿಗೆ. ಸ್ಪರ್ಧೆಯ ಕೊಪ್ಪರಿಗೆ ಎಂದು ಅದಕ್ಕೆ ಹೆಸರು. ಗೆಳತಿಯನ್ನೇ ಸೋಲಿಸಿ, ಆಮೇಲೂ ಅವಳ ಜೊತೆ ಕೂತು ಊಟ ಮಾಡುವುದನ್ನು ಹುಡುಗಿಯರಿಗೆ ಕಲಿಸಬೇಕಾಗುತ್ತದೆ. "ಅಷ್ಟೊಂದು ಹಟ ಯಾಕೇ ನಿನಗೆ?" ಎಂದು ಕೇಳಿಸಿಕೊಂಡು ಬೆಳೆದ ನನಗೆ ಇದು ಓದಿದ ತಕ್ಷಣ ಎದೆಗೆ ತಾಕಿತು.

ಒಂದು ಚಳಿಗಾಲದ ಬೆಳಿಗ್ಗೆ ಕಾರಿನಲ್ಲಿ ಹೋಗುವಾಗ ಮಿಯಾ ಹ್ಯಾಮ್ ಒಬ್ಬರೇ ಪಾರ್ಕಿನಲ್ಲಿ ಓಡುತ್ತ, ಬೆವರಿ ಬಗ್ಗಿ ಏದುಸಿರು ಬಿಡುತ್ತಿದ್ದುದನ್ನು ಡೊರಾನ್ಸ್ ಕಂಡರಂತೆ. ಕಾರು ನಿಲ್ಲಿಸಲಿಲ್ಲ. ಆಮೇಲೆ ಒಂದು ಚೀಟಿ ಬರೆದು ಕಳಿಸಿದರು: ಯಾರೂ ನೋಡದಿರುವಾಗ ಹೀಗೆ ಬೆವರುವವರೇ ಚಾಂಪಿಯನ್ ಎನ್ನುವ ಅರ್ಥದ್ದು. ಅಭ್ಯಾಸಕ್ಕೆ ಅಂಕ ಹಾಕುವ ಮನುಷ್ಯ, ಅಂಕವಿಲ್ಲದ ಬೆವರನ್ನೂ ಗಮನಿಸಿದ್ದರು.

1991ರಲ್ಲಿ ಚೀನಾದಲ್ಲಿ ನಡೆದ ಹೆಣ್ಣುಮಕ್ಕಳ ಮೊದಲ ವಿಶ್ವಕಪ್ಪನ್ನು ಅಮೆರಿಕ ಗೆದ್ದಾಗಲೂ ಅವರೇ ಕೋಚ್. ಫೈನಲ್ಲಿನಲ್ಲಿ ನಾರ್ವೆ ಮೇಲೆ 2-1. ಕ್ಯಾಪ್ಟನ್ ಏಪ್ರಿಲ್ ಹೈನ್‌ರಿಕ್ಸ್ ಅವರದೇ ಶಿಷ್ಯೆ, ಮುಂದೆ ತಾವೇ ರಾಷ್ಟ್ರೀಯ ತಂಡದ ಕೋಚಾಗಿ 2004ರ ಒಲಿಂಪಿಕ್ಸ್ ಚಿನ್ನ ತಂದರು. ಇವತ್ತು ಅಮೆರಿಕದ ಸಾಕರ್ ಫೆಡರೇಶನ್ನಿನ ಅಧ್ಯಕ್ಷೆಯಾಗಿರುವ ಸಿಂಡಿ ಪಾರ್ಲೋ ಕೋನ್ ಕೂಡ ಆ ಮೈದಾನದವರೇ.

ಅವರನ್ನು ದೇವರು ಮಾಡಿ ಬರೆಯಲು ನನಗೆ ಮನಸ್ಸಿಲ್ಲ. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಕಿರುಕುಳದ ಮೊಕದ್ದಮೆ ಹೂಡಿದ್ದರು. ಡೊರಾನ್ಸ್ ಆರೋಪ ಒಪ್ಪಲಿಲ್ಲ. ರಾಜಿಯಾಗಿ ಎಲ್ಲ ಮುಗಿಯುವಾಗ 2008. ಇದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ಮಗಳಿಗೆ ಮೋಸ ಮಾಡಿದ ಹಾಗೆ. ಅವಳನ್ನು ಪ್ರಾಕ್ಟೀಸಿಗೆ ಬಿಟ್ಟು ಬರುವಾಗಲೆಲ್ಲ, ಕೋಚಿನ ಕೈಯಲ್ಲಿ ಎಷ್ಟೊಂದು ಅಧಿಕಾರವಿದೆ ಎಂಬ ಯೋಚನೆ ಬರುತ್ತದೆ. ಎಲ್ಲ ಕೋಚುಗಳ ಬಗ್ಗೆಯೂ.

ರಾತ್ರಿ ಎಂಟೂವರೆಗೆ, ಅಲ್ಲಿ ಬೆಳಗಾಗಿರುತ್ತದೆಂದು, ಮೈಸೂರಿಗೆ ನಮ್ಮ ಪಿಟಿ ಮೇಡಂಗೆ ಫೋನ್ ಮಾಡಿದೆ. ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡ ಎರಡೇ ವರ್ಷ ಬಾಳಿತು. ಇದ್ದದ್ದು ಆರು ಜೊತೆ ಬೂಟು. ಹಾಫ್‌ಟೈಮಿನಲ್ಲಿ ಕಾಲಿಂದ ಕಾಲಿಗೆ ಬದಲಾಗುತ್ತಿದ್ದವು. ಏಳನೇ ಜೊತೆಯನ್ನು ಮೇಡಂ ತಮ್ಮ ಸಂಬಳದಲ್ಲಿ ತಂದರು. ಅವರು ಸ್ವತಃ ಆಡಿದ್ದವರು, ಕಬಡ್ಡಿ, ಯೂನಿವರ್ಸಿಟಿ ಮಟ್ಟದಲ್ಲಿ. ನಮಗೆ ಕೋಚ್ ಅಂತ ಇದ್ದವರು ಅವರೊಬ್ಬರೇ. ದುಡ್ಡಿಲ್ಲ ಎಂದು ತಂಡ ನಿಲ್ಲಿಸಿದ ದಿನ ಸ್ಟೋರ್ ರೂಮಿನಲ್ಲಿ ಕೂತು ಅತ್ತಿದ್ದರು.

ಡೊರಾನ್ಸ್ ಕತೆಯನ್ನು ಬಾಂಬೆಯಿಂದ ಹಿಡಿದು ನಿನ್ನೆಯ ಫೈನಲ್‌ವರೆಗೆ, ಕಟ್ಟಿದ ಗಂಟಲಲ್ಲೇ ಹೇಳಿದೆ. ಎಲ್ಲ ಕೇಳಿ ಮೇಡಂ ಕೇಳಿದ್ದು ಒಂದೇ.

"ಆ ಹುಡುಗೀರಿಗೆ ಬೂಟು ಯಾರು ಕೊಡಿಸ್ತಾರಮ್ಮಾ?"

"ಯೂನಿವರ್ಸಿಟಿನೇ ಕೊಡಿಸುತ್ತೆ ಮೇಡಂ. ಎಲ್ಲರಿಗೂ."

ಸ್ವಲ್ಪ ಹೊತ್ತು ಆ ಕಡೆ ಕುಕ್ಕರಿನ ಸದ್ದು ಮಾತ್ರ ಕೇಳಿಸಿತು.

"ಹಂಗಿರಬೇಕು ನೋಡು," ಅಂದರು.