ಬನಶಂಕರಿಯ ಪರದೆಗಳ ಮುಂದೆ ಒಂದು ರಾತ್ರಿ

ನಾನು ನಾಟಕ ಆಡುವವಳಲ್ಲ, ನಾಟಕದ ಬಗ್ಗೆ ಬರೆಯುವವಳೂ ಅಲ್ಲ. ತಿಂಗಳಿಗೆ ಒಂದೋ ಎರಡೋ ಟಿಕೆಟ್ ಕೊಂಡು, ನೋಡಿ, ಮನೆಗೆ ಬರುವವಳು. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರದಲ್ಲಿಯೇ ನನ್ನ ನಾಟಕದ ರುಚಿ ಬೆಳೆದದ್ದು. ಅಲ್ಲಿ ಆಟ ಆರಂಭವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಒಳಗಿದ್ದವರು ಕೆಮ್ಮು ಬಂದರೂ ಸೆರಗು ಅಡ್ಡ ಹಿಡಿಯುತ್ತಾರೆ. ಆ ಶಿಸ್ತು ನನಗೆ ಇಷ್ಟ. ಆದರೆ ಒಮ್ಮೆ ನನ್ನ ಅತ್ತೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ, ಮರಳಿ ಬರುವ ದಾರಿಯಲ್ಲಿ ಅವರು ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ಕೇಳಿದರು: "ಯಾರೂ ಒಂದ್ಸಲಾನೂ ಒನ್ಸ್ ಮೋರ್ ಅನ್ನಲಿಲ್ಲಲ್ಲ ಯವ್ವಾ, ಮಂದಿಗೆ ನಾಟಕ ಸೇರಲಿಲ್ಲೇನು?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ರೋಣದ ಕಡೆಯವರಾದ ಅವರು ಚಿಕ್ಕಂದಿನಲ್ಲಿ ಚಕ್ಕಡಿ ಕಟ್ಟಿಕೊಂಡು ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಹೋಗಿ ಬೆಳತನಕ ನಾಟಕ ನೋಡಿದವರು. "ಒಂದು ಸಲ ಅಲ್ಲಿ ಕುಂತು ನೋಡು, ಆಮ್ಯಾಲೆ ಹೇಳು" ಎಂದಿದ್ದರು.

2024ರಲ್ಲಿ, ಬನಶಂಕರಿಯ ತೇರು ಎಳೆಯುವ ಬನದ ಹುಣ್ಣಿಮೆ ಜನವರಿ 25ರ ಗುರುವಾರ ಬಂದಿತ್ತು. ಮರುದಿನ ಗಣರಾಜ್ಯೋತ್ಸವದ ರಜೆ, ಅದರ ಬೆನ್ನಿಗೆ ಶನಿವಾರ, ಭಾನುವಾರ. ತೇರಿನ ದಿನದ ನೂಕುನುಗ್ಗಲು ತಪ್ಪಿಸಿ, ಗುರುವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿ ಬೆಳಗಿನ ಚಳಿಯಲ್ಲಿ ಗದುಗಿನಲ್ಲಿ ಇಳಿದೆ.

ನಾಟಕ ನೋಡಲು ಹೊರಟವರು ಗದುಗಿನಲ್ಲಿ ಒಂದಿಷ್ಟು ಹೊತ್ತು ನಿಲ್ಲುವುದು ಸರಿಯೆಂದು ನನ್ನ ಎಣಿಕೆ. ನಮ್ಮ ಕರಾವಳಿಯ ಭಾಗವತರಾಟದ ತಂಡವೊಂದು ಸಾಂಗ್ಲಿಯಲ್ಲಿ ಆಡಿದ್ದನ್ನು ಕಂಡು ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯ ಮೊದಲ ನಾಟಕವನ್ನು ಆಡಿಸಿದರು; ಕೆಲವೇ ದಶಕಗಳಲ್ಲಿ ಅದೇ ಮರಾಠಿ ನಾಟಕ ಮಂಡಳಿಗಳು ಉತ್ತರ ಕರ್ನಾಟಕದ ಊರೂರಿನಲ್ಲಿ ಕ್ಯಾಂಪ್ ಹಾಕಿ, ಕನ್ನಡಿಗರು ಮರಾಠಿ ನಾಟಕಗಳನ್ನೇ ನೋಡುವಂತಾಯಿತು. ಅದನ್ನು ಸಹಿಸದ ಶಾಲಾ ಮಾಸ್ತರರೊಬ್ಬರು, ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಇದೇ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ತಾವೇ ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಇಂದು ಬನಶಂಕರಿಯಲ್ಲಿ ಮೈಕಿನಲ್ಲಿ ಕೂಗಿ ಕರೆಯುವ ಕಂಪನಿಗಳ ಹಿರಿಯಜ್ಜ ಅದು.

ವೀರೇಶ್ವರ ಪುಣ್ಯಾಶ್ರಮಕ್ಕೂ ಹೋಗಿ ಬಂದೆ. ಪಂಚಾಕ್ಷರಿ ಗವಾಯಿಗಳ ಮತ್ತು 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳ ಗದ್ದುಗೆಗಳ ಸಮೀಪ ಬೆಳಗಿನ ಅಭ್ಯಾಸ ನಡೆದಿತ್ತು. ಯಾವುದೋ ಕೋಣೆಯಿಂದ ತಂಬೂರಿಯ ನಾದ ಬರುತ್ತಿತ್ತು. ಇಬ್ಬರು ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಅಂಧ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸುವ ಆಶ್ರಮಕ್ಕೆ ಆಸರೆಯಾಗಲೆಂದು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದ ಇತಿಹಾಸ ಈ ಅಂಗಳದ್ದು. ನಾಟಕದ ಗಲ್ಲಾದಲ್ಲಿ ಬಿದ್ದ ಕಾಸು ಒಂದು ಮಗುವಿನ ತಟ್ಟೆಯಲ್ಲಿ ರೊಟ್ಟಿಯಾಗುತ್ತಿತ್ತು ಎಂಬುದನ್ನು ನೆನೆದಾಗ, ಟಿಕೆಟ್ ಕೊಳ್ಳುವ ಕೆಲಸವೂ ಸಣ್ಣದೆನಿಸಲಿಲ್ಲ.

ರೋಣದಲ್ಲಿ ಅತ್ತೆಯವರು ಕಂಬಳಿ, ನೀರಿನ ಬಾಟಲಿ, ಶೇಂಗಾ ಹೋಳಿಗೆಯ ಗಂಟು ಎಲ್ಲವನ್ನೂ ಕಟ್ಟಿಕೊಂಡು ಸಿದ್ಧರಾಗಿದ್ದರು. ಮಧ್ಯಾಹ್ನದ ಹೊತ್ತಿಗೆ ಬಸ್ಸು ನಮ್ಮನ್ನು ಚೊಳಚಗುಡ್ಡದ ಬಳಿಯ ಜಾತ್ರೆಯ ಬಯಲಿಗೆ ತಂದು ಇಳಿಸಿತು. ಬಾದಾಮಿಯಿಂದ ಇಲ್ಲಿಗೆ ಐದು ಕಿಲೋಮೀಟರ್. ನಾಲ್ಕೂ ಕಡೆ ಕಲ್ಲಿನ ಮಂಟಪಗಳ ಸಾಲಿರುವ ಹರಿದ್ರಾ ತೀರ್ಥದ ಹೊಂಡ, ಅದರಾಚೆ ಸಿಂಹದ ಮೇಲೆ ಕುಳಿತ ಎಂಟು ಕೈಗಳ ಶಾಕಂಬರಿ. ಹುಣ್ಣಿಮೆಯ ಹಿಂದಿನ ದಿನ ಪಲ್ಲೇದ ಹಬ್ಬ. ಅಂದು ನೂರೆಂಟು ಬಗೆಯ ಕಾಯಿಪಲ್ಲೆಗಳ ನೈವೇದ್ಯವಾಗುತ್ತದೆ. ದರ್ಶನ ಮುಗಿಸಿ, ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಕರೆದು ನೆರಳಿನಲ್ಲಿ ಕುಳಿತೆವು. ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆಂಪು ಚಟ್ನಿ, ಗಡಿಗೆಯ ಗಟ್ಟಿ ಮೊಸರು. ಆ ಊಟದ ಮೇಲೆ ರಾತ್ರಿಯಿಡೀ ಎಚ್ಚರವಿರುವುದು ಕಷ್ಟವೆಂದು ನಾನಂದರೆ, ಅದಕ್ಕೇ ಈಗ ಮಲಗಬೇಕೆಂದು ಅತ್ತೆ ಮಂಟಪದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು.

ಸಂಜೆ ಜಾತ್ರೆಯ ಬೀದಿಯಲ್ಲಿ ನಡೆದೆವು. ಈ ಜಾತ್ರೆ ಬಾಗಿಲು ಚೌಕಟ್ಟುಗಳಿಗೆ ಹೆಸರಾದದ್ದು; ಮನೆ ಕಟ್ಟುವವರು ತೇಗದ, ಬೇವಿನ ಚೌಕಟ್ಟುಗಳನ್ನು ಬೆರಳಿನಿಂದ ಬಡಿದು ನೋಡಿ ಚೌಕಾಸಿ ಮಾಡುತ್ತಿದ್ದರು. ಆ ಬಾಗಿಲುಗಳ ಸಾಲು ಮುಗಿಯುವಲ್ಲಿ ನಾಟಕದ ಥಿಯೇಟರುಗಳ ಸಾಲು. ತಗಡಿನ ಗೋಡೆ, ತಾಡಪತ್ರಿಯ ಚಾವಣಿ, ಮುಂದೆ ಆನೆಯೆತ್ತರದ ಬಣ್ಣದ ಬೋರ್ಡು, ಅದರ ಮೇಲೆ ನಗೆನಟನ ದೊಡ್ಡ ಮುಖ. ಒಂದೊಂದು ಬಾಗಿಲಲ್ಲೂ ಒಂದೊಂದು ಮೈಕು, ಒಂದಕ್ಕಿಂತ ಒಂದು ಜೋರಾಗಿ, ಬರ್ರಿ ಬರ್ರಿ ಎಂದು ಕರೆಯುತ್ತಿತ್ತು. ಯಾವುದಕ್ಕೆ ಹೋಗುವುದೆಂದು ನಾನು ಬೋರ್ಡುಗಳನ್ನು ಓದುತ್ತಿದ್ದರೆ, ಅತ್ತೆಯವರು ಓದದೆ, ಪ್ರತಿ ಥಿಯೇಟರಿನ ತಗಡಿನ ಬಳಿ ನಿಂತು ಕಿವಿಗೊಟ್ಟರು. ಮೂರನೆಯದರ ಬಳಿ ನಿರ್ಧಾರವಾಯಿತು. "ಇಲ್ಲಿ ಪೇಟಿ ನುಡಿಸೋರು ಅದಾರ" ಎಂದರು. ಪೇಟಿಯೆಂದರೆ ಹಾರ್ಮೋನಿಯಂ.

ಅವರ ಆಯ್ಕೆಯ ಅರ್ಥ ನನಗೆ ತಿಳಿದದ್ದು ಮೊದಲು ನೋಡಿದ ಸಂಜೆಯ ಆಟದಲ್ಲಿ. ಹತ್ತರ ಆಟಕ್ಕೆ ಇನ್ನೂ ಸಮಯವಿದ್ದುದರಿಂದ ಪಕ್ಕದ ಇನ್ನೊಂದು ಥಿಯೇಟರಿಗೆ ಹೋಗಿದ್ದೆವು. ಅಲ್ಲಿ ಹಾಡು ಬಂದಾಗಲೆಲ್ಲ ಸಿನಿಮಾ ಹಾಡಿನ ಧ್ವನಿಮುದ್ರಿಕೆ ಹಾಕಿ ನಟಿಯರು ಕುಣಿದರು. ನಗೆಯೆಲ್ಲ ದ್ವಂದ್ವಾರ್ಥದ ಮಾತುಗಳ ಮೇಲೆ ನಿಂತಿತ್ತು. ನಡುವೆ ಮೈಕು ಎರಡು ಬಾರಿ ಕೈಕೊಟ್ಟಿತು. ಜನ ಶಿಳ್ಳೆ ಹಾಕಿದರು, ನಿಜ. ಆದರೆ ನಮ್ಮ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರು. ಒಂದೂವರೆ ಶತಮಾನದ ಹಿಂದೆ ಒಬ್ಬ ಮಾಸ್ತರರು ಕಟ್ಟಿದ ಮನೆಯಲ್ಲಿ ಹೆಣ್ಣುಮಕ್ಕಳು ತಲೆ ತಗ್ಗಿಸಿ ಕೂರುವಂತಾಗಬಾರದು. ನಗೆಯಿಲ್ಲದೆ ಕಂಪನಿ ನಡೆಯುವುದಿಲ್ಲವೆಂಬುದು ನನಗೂ ಗೊತ್ತು, ಆದರೂ ನನಗೆ ನಿಜಕ್ಕೂ ನೋವಾಯಿತು.

ಹತ್ತು ಗಂಟೆಯ ಆಟಕ್ಕೆ ಮಂಡಕ್ಕಿ, ಮಿರ್ಚಿ ತಿಂದು, ಕಂಬಳಿ ಹೊದ್ದು, ಮುಂದಿನಿಂದ ಐದನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತೆವು. ವೇದಿಕೆಯ ಅಂಚಿಗೆ ಮೇಲಿನಿಂದ ನಾಲ್ಕು ಮೈಕುಗಳು ತೂಗುತ್ತಿದ್ದವು. ಅವುಗಳಲ್ಲಿ ಒಂದಕ್ಕೆ ಕೆಂಪು ಕರವಸ್ತ್ರ ಕಟ್ಟಿತ್ತು. ಕೆಳಗೆ ಎಡಬದಿಗೆ ಕಾಲುಪೇಟಿ, ತಬಲಾ. ಮೂರನೆಯ ಬೆಲ್ ಆಯಿತು, ಪರದೆಯ ಹಿಂದಿನಿಂದ ನಾಂದಿಯ ಹಾಡು ಎದ್ದಿತು, ಊದುಬತ್ತಿಯ ವಾಸನೆ ಐದನೆಯ ಸಾಲಿನ ತನಕ ಬಂತು. ಅಕ್ಕಪಕ್ಕದವರು ಕೈ ಮುಗಿದರು. ನಾನೂ ಮುಗಿದೆ.

ಕಥೆ ಸರಳವಾದದ್ದು. ತಾಯಿಯಿಲ್ಲದ ಮೈದುನನನ್ನು ಮಗನಂತೆ ಸಾಕಿದ ಅತ್ತಿಗೆ, ಅವನು ಓದಿ ದೊಡ್ಡವನಾದ ಮೇಲೆ ಅವಳ ಮೇಲೆ ಬರುವ ಅಪವಾದ, ಮನೆಯಿಂದ ಹೊರಬೀಳುವ ಅವಳು. ಮುಂದೇನಾಗುತ್ತದೆಂದು ಥಿಯೇಟರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಯವರಿಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು. ಅಣ್ಣತಮ್ಮಂದಿರ ಜಗಳ ಜೋರಾಗಿ ನಡೆದಿರುವಾಗಲೇ ನನ್ನ ಕಿವಿಯ ಬಳಿ ಬಾಗಿ, "ಈಗ ರೋಡ್ ಸೀನ್ ಬೀಳತೈತಿ ನೋಡು" ಎಂದರು. ಮರುಕ್ಷಣವೇ ಬೀದಿಯ ಚಿತ್ರವಿದ್ದ ಪರದೆ ಸರಸರನೆ ಇಳಿದು, ನಗೆನಟನು ಅದರ ಮುಂದೆ ಬಂದು ನಿಂತ.

ಅಲ್ಲಿಂದ ಮುಂದೆ ನಾನು ಅವರ ಕಣ್ಣಿನಿಂದ ನೋಡತೊಡಗಿದೆ. ಕಂಪನಿ ನಾಟಕದ ವೇದಿಕೆ ಒಂದಲ್ಲ, ಎರಡು. ಮುಂದಿನ ನಾಲ್ಕೈದು ಅಡಿಯ ಹಿಂದೆ ಇಳಿಯುವುದು ರೋಡ್ ಸೀನ್. ಎರಡೂ ಬದಿಯ ಕಟ್ಟಡಗಳ ನಡುವೆ ಸಣ್ಣದಾಗುತ್ತ ದೂರ ಸಾಗುವ ಬೀದಿ. ಅದರ ಮುಂದೆ ನಗೆನಟ ತನ್ನ ಹೆಂಡತಿಯೊಡನೆ ಜಗಳವಾಡುತ್ತಿರುವಷ್ಟು ಹೊತ್ತಿನಲ್ಲಿ, ಹಿಂದೆ ಬಡವನ ಗುಡಿಸಲು ಕಳಚಿ ಸಾಹುಕಾರನ ಮನೆ ಏಳುತ್ತದೆ. ಪಾರ್ಸಿ ಕಂಪನಿಗಳ ಕಾಲದಿಂದ ಬಂದ ಈ ಏರ್ಪಾಟಿನಲ್ಲಿ ಕಥೆ ಒಂದು ಗಳಿಗೆಯೂ ನಿಲ್ಲುವುದಿಲ್ಲ, ಪ್ರೇಕ್ಷಕರು ಕತ್ತಲೆಯಲ್ಲಿ ಕಾಯುವುದೂ ಇಲ್ಲ. ಪರದೆಯ ಹಿಂದೆ ಸುತ್ತಿಗೆಯ ಎರಡು ಪೆಟ್ಟು ಕೇಳಿಸಿತು. "ಮೆಟ್ಟಿಲಾ ಇಡಾಕತ್ತಾರ, ಶ್ರೀಮಂತರ ಮನಿ" ಎಂದರು ಅತ್ತೆ. ಪರದೆ ಎದ್ದಾಗ ಕೆಂಪು ಹಾಸಿನ ಮೂರು ಮೆಟ್ಟಿಲು ಅಲ್ಲಿದ್ದವು. ನಗೆನಟ ಮಾತನ್ನು ಎಲ್ಲಿ ಬೆಳೆಸುತ್ತಾನೆ, ಎಲ್ಲಿ ಮೊಟಕು ಮಾಡುತ್ತಾನೆ ಎಂಬುದು ಹಿಂದಿನವರ ಕೆಲಸದ ಮೇಲೆ ನಿಂತಿದೆ. ಅವನು ಒಮ್ಮೆ ಸೈಡ್‌ವಿಂಗಿನ ಕಡೆ ಕಣ್ಣು ಹಾಯಿಸಿ, ಇನ್ನೂ ಆಗಿಲ್ಲವೆಂದು ಕಂಡು, ಮುಂದಿನ ಸಾಲಿನ ಅಜ್ಜನೊಬ್ಬರನ್ನು ಮಾತಿಗೆಳೆದದ್ದನ್ನು ನಾನೇ ಕಂಡೆ. ಅಜ್ಜ ಬಿಡದೆ ಉತ್ತರ ಕೊಟ್ಟರು. ಥಿಯೇಟರು ಬಿದ್ದು ಬಿದ್ದು ನಕ್ಕಿತು. ಹಿಂದೆ ಆ ಹೊತ್ತಿಗೆ ದೇವರ ಮನೆ ಸಿದ್ಧವಾಗಿತ್ತು.

ಮನೆಬಿಟ್ಟು ಹೊರಟ ಅತ್ತಿಗೆಯ ಹಾಡು ಬಂದದ್ದು ಹನ್ನೆರಡು ದಾಟಿದ ಮೇಲೆ. ನಲವತ್ತರ ಆಸುಪಾಸಿನ ನಟಿ. ಬಣ್ಣದಡಿಯಲ್ಲೂ ದಣಿವು ಕಾಣುತ್ತಿತ್ತು, ಅದು ಆಕೆಯ ಆ ದಿನದ ಎಷ್ಟನೆಯ ಆಟವೋ. ಕೈಯಲ್ಲಿ ಬಟ್ಟೆಯ ಗಂಟು. ಪೇಟಿ ಮಾಸ್ತರರು ಸ್ವರ ಹಿಡಿದರು. ಆಕೆ ಕೆಂಪು ಕರವಸ್ತ್ರದ ಮೈಕಿನಡಿಗೆ ಬಂದು ನಿಂತಾಗ, ಆ ಗುರುತು ಯಾಕೆಂದು ನನಗೆ ತಿಳಿಯಿತು: ಹಾಡಿಗೆ ಒದಗುವ ಮೈಕು ಅದೊಂದೇ. ಇದೇ ಜಿಲ್ಲೆಯ ಬೀಳಗಿಯಿಂದ ಹೋದ ಗೋಹರಬಾಯಿ ಬಾಲಗಂಧರ್ವರ ಜೊತೆಗೆ ಮರಾಠಿ ರಂಗಭೂಮಿಯಲ್ಲಿ ಹಾಡಿದವರು, ಅವರ ತಂಗಿ ಅಮೀರಬಾಯಿ ಕರ್ನಾಟಕಿ ಹಿಂದಿ ಸಿನಿಮಾದ ಹೆಸರಾಂತ ಗಾಯಕಿಯಾದವರು. ಆ ಮಣ್ಣಿನ ಕಂಠ ಎಂಬುದಕ್ಕೆ ಅಂದು ಅರ್ಥ ಸಿಕ್ಕಿತು. ಪಲ್ಲವಿಯನ್ನು ಮೇಲಿನ ಷಡ್ಜಕ್ಕೆ ಒಯ್ದು ನಿಲ್ಲಿಸಿ, ಕೊನೆಯ ಸಾಲನ್ನು ಹೇಳಿಯೂ ಹೇಳದಂತೆ ಬಿಟ್ಟು ಆಕೆ ಒಳಗೆ ಹೋದರು.

"ಒನ್ಸ್ ಮೋರ್!" ಹಿಂದಿನ ಸಾಲಿನಿಂದ ಒಂದು ಗಂಡು ಧ್ವನಿ. ಅದರ ಬೆನ್ನಿಗೆ ಹತ್ತಾರು. ಅತ್ತೆಯವರೂ ಕೂಗಿದರು, ಕೈಯೆತ್ತಿ. ಆಕೆ ಮರಳಿ ಬಂದು, ಗಂಟನ್ನು ಕಂಕುಳಲ್ಲಿಟ್ಟು ಕೈ ಮುಗಿದು, ಮೊದಲಿನಿಂದ ಹಾಡಿದರು. ಎರಡನೆಯ ಸಲ ಲಯ ತುಸು ಇಳಿದಿತ್ತು. ಮೊದಲ ಸಲ ಅರ್ಧಕ್ಕೆ ಬಿಟ್ಟಿದ್ದ ಕೊನೆಯ ಸಾಲನ್ನು ಈ ಸಲ ಪೂರ್ತಿ ಹೇಳಿದರು. ತಬಲೆಯವನು ಆ ಕಡೆಯ ಸಾಲಿಗೆ ಕೈ ನಿಲ್ಲಿಸಿ ಪೇಟಿಯೊಂದನ್ನೇ ಬಿಟ್ಟ. ಕೇಳಿದವರಿಗಾಗಿಯೇ ಹಾಡಿದ್ದದು, ಕೇಳದಿದ್ದರೆ ಆ ಸಾಲು ನಮಗೆ ಸಿಗುತ್ತಲೇ ಇರಲಿಲ್ಲ. ಅತ್ತೆಯವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ಕರವಸ್ತ್ರ ಕೊಡಹೋದೆ. ಬೇಡವೆಂದು ಕೈಯಾಡಿಸಿ, "ಅಳಾಕಂತನ ಬಂದೇವಲ್ಲ ಯವ್ವಾ" ಎಂದರು.

ಆಟ ಮುಗಿದಾಗ ಒಂದೂವರೆ ಹತ್ತಿರವಾಗಿತ್ತು. ಇನ್ನೊಂದು ಆಟದ ಜನ ಆಗಲೇ ಬಾಗಿಲ ಬಳಿ ಕಂಬಳಿ ಹೊದ್ದು ನಿಂತಿದ್ದರು. ಹಿಂಬದಿಯಲ್ಲಿ ಬಣ್ಣ ಅಳಿಸದೆಯೇ ಚಹಾ ಕುಡಿಯುತ್ತಿದ್ದ ಕಲಾವಿದರ ಬಳಿಗೆ ಅತ್ತೆ ನೇರವಾಗಿ ನಡೆದು, ಆ ನಟಿಯ ಎರಡೂ ಕೈ ಹಿಡಿದುಕೊಂಡರು. "ಏಣಗಿ ಬಾಳಪ್ಪನವರು ಬಸವಣ್ಣನ ಪಾರ್ಟಿನ್ಯಾಗ ಬಂದರ ನಾವೆಲ್ಲಾ ಎದ್ದು ಕೈ ಮುಗೀತಿದ್ವಿ ತಂಗೀ. ಇವತ್ತ ನಿನಗ ಮುಗಿಬೇಕನಿಸ್ತು" ಎಂದರು. ಆಕೆ ಬಾಗಿ ಅತ್ತೆಯವರ ಕಾಲು ಮುಟ್ಟಿದರು. ಮುಂದಿನ ಕ್ಯಾಂಪ್ ಎಲ್ಲಿ ಎಂದು ನಾನು ಕೇಳಿದೆ. ಇಲ್ಲಿ ಇನ್ನೂ ಕೆಲವು ವಾರ ಇರುತ್ತೇವೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ ಈ ಸಲ ಮಾರ್ಚಿನಲ್ಲಿದೆ, ಅಲ್ಲಿಗೆ ಹೋಗುತ್ತೇವೆ ಎಂದರು. ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಮೊದಲ ಬೆಲ್ ಆಗಿ ಆಕೆ ಲೋಟ ಕೆಳಗಿಟ್ಟು ಓಡಿದರು.

ಉಳಿದ ರಾತ್ರಿಯನ್ನು ಹೊಂಡದ ಪಕ್ಕದ ಮಂಟಪದಲ್ಲಿ ಕಳೆದೆವು. ನೀರಿನ ಮೇಲಿಂದ ಎರಡು ಮೂರು ನಾಟಕಗಳ ಮಾತು ಒಂದರೊಳಗೊಂದು ಬೆರೆತು ತೇಲಿ ಬರುತ್ತಿತ್ತು. ಬೆಳಗಾದ ಮೇಲೆ ಮುಖ ತೊಳೆದು ಬಸ್ ನಿಲ್ಲುವಲ್ಲಿಗೆ ಬಂದೆವು. ರೋಣದ ಬಸ್ಸು ನಿಂತಿತ್ತು, ಸೀಟೂ ಇತ್ತು. ಅತ್ತೆಯವರು ಹತ್ತುವ ಮೊದಲು ಕಂಡಕ್ಟರನ್ನು, "ತಮ್ಮಾ, ಸಂಜೀಕ ಕಡೀ ಬಸ್ಸು ಎಷ್ಟಕ್ಕೈತಿ?" ಎಂದು ಕೇಳಿದರು. ಅವನು ಹೇಳಿದ. ಅವರು ನನ್ನ ಕಡೆ ತಿರುಗಿ, ಗಂಟನ್ನು ಮತ್ತೆ ನನ್ನ ಕೈಗಿತ್ತು, ಮಧ್ಯಾಹ್ನದ ಆಟಕ್ಕೆ ಯಾವ ಥಿಯೇಟರಿನಲ್ಲಿ ಪೇಟಿ ಇದೆಯೋ ಕೇಳಿಕೊಂಡು ಬರೋಣವೆಂದು ತಗಡಿನ ಸಾಲಿನ ಕಡೆಗೆ ನಡೆದರು.