ಸೆಲ್ ಸತ್ತದ್ದು ಸರಿ, ಕೊಂದದ್ದು ಯಾವುದು?

ಧಾರವಾಡದ ಒಂದು ಲ್ಯಾಬಿನಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆಂದು ತಯಾರಾಗುವ ಚಿನ್ನ, ಬೆಳ್ಳಿಯ ನ್ಯಾನೊಕಣಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದವರು ಮೊದಲ ಪ್ಲೇಟ್ ರೀಡಿಂಗ್ ಹಿಡಿದು ಓಡಿ ಬರುತ್ತಾರೆ: "ಮೇಡಂ, ಮೆಲನೋಮಾ ಸೆಲ್ ಎಲ್ಲಾ ಸತ್ತಾವ್ರೀ!"

"ಭಾಳ ಚಲೋ. ಕೊಂದದ್ದು ಕಣಾನೋ, ಅದರ ಜೋಡಿ ಬಂದದ್ದೋ?"

ಬೆಳ್ಳಿಯ ಕಣ ದ್ರಾವಣದಲ್ಲಿ ನಿಧಾನಕ್ಕೆ ಕರಗಿ ಅಯಾನು ಬಿಡುತ್ತದೆ, ಆ ಅಯಾನೇ ವಿಷ. ಚಿನ್ನದ ನ್ಯಾನೊರಾಡ್ (ಕಡ್ಡಿಯಾಕಾರದ ಕಣ) ಆದರೆ ತಯಾರಿಕೆಗೆ ಬಳಸಿದ ಸಿಟ್ಯಾಬ್ ಎಂಬ ಸಾಬೂನಿನಂಥ ರಾಸಾಯನಿಕ ಉಳಿದಿರುತ್ತದೆ, ಅದೂ ಸೆಲ್‌ಗಳನ್ನು ಕೊಲ್ಲುತ್ತದೆ. ಎಲೆಯ ರಸದಿಂದ ಮಾಡಿದ್ದಾದರೆ ರಸದ್ದೇ ಕೈವಾಡ ಇರಬಹುದು. ಹಾಗಾಗಿ ಕಣಗಳನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನಷ್ಟೇ ಬೇರೆ ಸೆಲ್‌ಗಳಿಗೆ ಹಾಕಿಸುತ್ತೇನೆ. ತಿಳಿಯೂ ಅಷ್ಟೇ ಕೊಂದರೆ ಕಣದ ಹೆಗ್ಗಳಿಕೆ ಅಲ್ಲಿಗೆ ಮುಗಿಯಿತು.

ಎಷ್ಟು ಸೆಲ್ ಬದುಕಿವೆ ಎಂದು ನೋಡುವ ಎಂಟಿಟಿ ಟೆಸ್ಟೂ ದಾರಿ ತಪ್ಪಿಸುತ್ತದೆ. ಬದುಕಿದ ಸೆಲ್ ಎಂಟಿಟಿ ಎಂಬ ಹಳದಿ ರಾಸಾಯನಿಕವನ್ನು ನೇರಳೆ ಮಾಡುತ್ತದೆ, ಅದು ಎಷ್ಟು ಬೆಳಕು ಹೀರುತ್ತದೆ ಎಂದು 570 ನ್ಯಾನೊಮೀಟರ್ ತರಂಗಾಂತರದಲ್ಲಿ ಓದುತ್ತೇವೆ. ಸಣ್ಣ ಚಿನ್ನದ ಕಣಗಳು ಬೆಳಕು ಹೀರುವುದು 520ರ ಸುತ್ತ. ಗುಂಪುಗಟ್ಟಿದರೆ 570ರ ಕಡೆಗೆ ಸರಿದು, ಸತ್ತ ಸೆಲ್‌ಗಳನ್ನೂ ಬದುಕಿದವೆಂದು ತೋರಿಸುತ್ತವೆ. ಸೆಲ್ ಇಲ್ಲದೆ ಬರೀ ಕಣ ಹಾಕಿದ ವೆಲ್‌ಗಳು (ಗುಳಿಗಳು) ಪ್ಲೇಟ್‌ನಲ್ಲಿ ಕಾಣದಿದ್ದರೆ ನಾನು ಆ ಗ್ರಾಫ್ ನೋಡುವುದೇ ಇಲ್ಲ.

ಗುಂಪುಗಟ್ಟಲು ಕಾರಣ ಉಪ್ಪು. ನಮ್ಮೂರಲ್ಲಿ ನಳದ ನೀರು ದಿನಾ ಬರುವುದಿಲ್ಲ, ಉಪ್ಪಿನಂಶವಿರುವ ಬೋರ್‌ವೆಲ್ ನೀರಿನಲ್ಲಿ ಬಾಟಲಿ ತೊಳೆಯುವವರೂ ಇದ್ದಾರೆ. ದಾಳಿಂಬೆ ರಸದಂತೆ ಕೆಂಪಗಿದ್ದ ಕಾಲಾಯ್ಡ್ (ಚಿನ್ನದ ಕಣ ತೇಲುವ ದ್ರವ) ಅಂಥ ಬಾಟಲಿಯಲ್ಲಿ ನೋಡನೋಡುತ್ತಲೇ ನೀಲಿಗೆ ತಿರುಗುತ್ತದೆ. ಗಾಜಿನ ಸಾಮಾನು ಆಕ್ವಾ ರೀಜಿಯಾ ಎಂಬ, ಚಿನ್ನವನ್ನೂ ಕರಗಿಸುವ ಆಮ್ಲಮಿಶ್ರಣದಲ್ಲಿ ತೊಳೆದು, ಕೊನೆಗೆ ಶುದ್ಧೀಕರಿಸಿದ ನೀರಲ್ಲೇ ಜಾಲಾಡಬೇಕು. ಸೆಲ್ ಬೆಳೆಸುವ ಮೀಡಿಯಂನಲ್ಲೂ ಉಪ್ಪಿರುತ್ತದೆ, ಆದ್ದರಿಂದ ಮೊದಲು ಅದರಲ್ಲಿ ಕಣ ಬೆರೆಸಿ, ಗುಂಪುಗಟ್ಟಿವೆಯೇ ಎಂದು ತಿಳಿಯಲು ಸ್ಪೆಕ್ಟ್ರಮ್ (ಯಾವ ತರಂಗಾಂತರದ ಬೆಳಕು ಎಷ್ಟು ಹೀರಿದೆ ಎಂಬ ಗ್ರಾಫ್) ತೆಗೆಯಿರಿ.

ಎ375 ಮೆಲನೋಮಾ ಸೆಲ್‌ಗಳ ಪಕ್ಕದಲ್ಲೇ, ಅದೇ ದಿನ, ಕ್ಯಾನ್ಸರ್ ಅಲ್ಲದ ಹಾಕ್ಯಾಟ್ ಚರ್ಮದ ಸೆಲ್‌ಗಳಿಗೂ ಅದೇ ಡೋಸ್ ಕೊಡಬೇಕು. ಎರಡನ್ನೂ ಕೊಲ್ಲುವುದಕ್ಕೆ ಫಿನಾಯಿಲ್ ಸಾಕಲ್ಲ!

ಜೆಲ್ ಮಾಡಿ ಹಚ್ಚಿದರಾಯಿತು ಎನ್ನುವ ಪ್ರಸ್ತಾವಗಳ ಬಗ್ಗೆ ಮಾತ್ರ ನನ್ನ ತಕರಾರು ಜೋರಾಗಿಯೇ ಇದೆ. ಚರ್ಮದ ಮೇಲಿನ ಸತ್ತ ಪದರ ಹೆಚ್ಚಿನ ಕಡೆ 10-20 ಮೈಕ್ರೊಮೀಟರ್ ದಪ್ಪ, ಅದನ್ನು ದಾಟುವುದೇ ಕಣಗಳಿಗೆ ಕಷ್ಟ. ನಮ್ಮ ಜನರಲ್ಲಿ ಮೆಲನೋಮಾ ಅಂಗಾಲಿನಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ, ಅಲ್ಲಿ ಆ ಪದರ ಹತ್ತಾರು ಪಟ್ಟು ದಪ್ಪ. ಇಲಿಯ ಬೆನ್ನಿನ ಚರ್ಮದಲ್ಲಿ ಇಳಿದ ಜೆಲ್ ತೋರಿಸಿದರೆ, ದಪ್ಪ ಚರ್ಮದ ಮೇಲೂ ಮಾಡಿ ತನ್ನಿ ಅನ್ನುತ್ತೇನೆ.